ಹದಿನೆಂಟರ ಟಿಕೆಟ್, ಅರುವತ್ತರ ದಂಪತಿ

ಟಿಕೆಟ್ಟಿನ ಹೆಸರು 'ಸೇಶುನ್ ಜೂಹಾಚಿ ಕಿಪ್ಪು'. ಸೇಶುನ್ ಎಂದರೆ ಯೌವನ, ಜೂಹಾಚಿ ಎಂದರೆ ಹದಿನೆಂಟು, ಕಿಪ್ಪು ಎಂದರೆ ಟಿಕೆಟ್. ಕೂಡಿಸಿ ಓದಿದರೆ 'ಹದಿನೆಂಟರ ಹರೆಯದ ಟಿಕೆಟ್'. ನಮ್ಮವರಿಗೆ ಅರುವತ್ತಮೂರು, ನನಗೆ ಐವತ್ತೊಂಬತ್ತು. ಇಬ್ಬರ ವಯಸ್ಸು ಕೂಡಿಸಿದರೆ ಹದಿನೆಂಟರ ಮಗ್ಗಿಯಲ್ಲಿ ಆರನ್ನೂ ದಾಟಿಬಿಡುತ್ತೇವೆ! ಹಾಗಿದ್ದೂ ಈ ಟಿಕೆಟ್ ನಮಗೆ ಸಿಕ್ಕಿತು. ಏಕೆಂದರೆ ಹೆಸರಿನಲ್ಲಿ ಹದಿನೆಂಟು ಇದ್ದರೂ ನಿಯಮದಲ್ಲಿ ವಯಸ್ಸಿನ ಮಾತೇ ಇಲ್ಲ. ಜಪಾನೀಯರಿಗೆ ಮಾತ್ರ ಎಂಬ ಕಟ್ಟಳೆಯೂ ಇಲ್ಲ. ದುಡ್ಡು ಕಡಿಮೆ, ಸಮಯ ಹೆಚ್ಚು ಇರುವ ಯಾರು ಬೇಕಾದರೂ ಕೊಳ್ಳಬಹುದು. ಪ್ರಪಂಚದಲ್ಲಿ ಈ ಎರಡೂ ಲಕ್ಷಣ ಇರುವವರು ವಿದ್ಯಾರ್ಥಿಗಳು ಮತ್ತು ನಿವೃತ್ತರು ತಾನೆ?

ಜಪಾನಿನ ರೈಲು ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಬಾಣದಂತೆ ಸಾಗುವ ಶಿಂಕಾನ್‌ಸೆನ್. 1964ರ ಅಕ್ಟೋಬರ್ 1ರಂದು ಟೋಕಿಯೋದಿಂದ ಒಸಾಕಾಕ್ಕೆ ಮೊದಲ ಬಾರಿಗೆ ಓಡಿದ ಈ ಬುಲೆಟ್ ರೈಲಿನ ಬಗ್ಗೆ ಪಾಠಪುಸ್ತಕಗಳಲ್ಲೂ ಓದಿದ್ದೇವೆ. ಆದರೆ ಆ ದೇಶದಲ್ಲಿ ಮೂರು ಮನೆಗೊಂದು ಗದ್ದೆ, ಮೂರು ಗದ್ದೆಗೊಂದು ನಿಲ್ದಾಣ ಎನ್ನುವಂತೆ ನಿಂತು ನಿಂತು ಸಾಗುವ ಲೋಕಲ್ ರೈಲುಗಳ ಬಲೆಯೂ ಇದೆ. ಸೇಶುನ್ ಟಿಕೆಟ್ ಇರುವುದು ಈ ರೈಲುಗಳಿಗೆ. ಜೆ.ಆರ್. ಸಮೂಹದ ಸಾಮಾನ್ಯ ರೈಲು ಮತ್ತು ಹೆಚ್ಚುವರಿ ಶುಲ್ಕವಿಲ್ಲದ 'ರ್‍ಯಾಪಿಡ್' ರೈಲುಗಳಲ್ಲಿ ದಿನವಿಡೀ ಎಷ್ಟು ದೂರ ಬೇಕಾದರೂ ಹೋಗಬಹುದು, ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. ಬುಲೆಟ್ ರೈಲಿಗೂ ವೇಗದ ಎಕ್ಸ್‌ಪ್ರೆಸ್‌ಗಳಿಗೂ, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ಪ್ರವೇಶವಿಲ್ಲ.

ಇದು ಹುಟ್ಟಿದ್ದು 1982ರ ವಸಂತದಲ್ಲಿ. ಆಗ ಜಪಾನಿನ ರೈಲ್ವೆ ಸರ್ಕಾರದ ಕೈಯಲ್ಲಿತ್ತು, ಸಾಲದಲ್ಲಿ ಮುಳುಗಿತ್ತು. ಶಾಲೆ ಕಾಲೇಜುಗಳಿಗೆ ರಜೆ ಬಂದಾಗ ಊರ ಕಡೆಯ ರೈಲುಗಳು ಖಾಲಿ ಓಡುತ್ತವೆ. ಆ ಖಾಲಿ ಆಸನಗಳನ್ನು ಅಗ್ಗಕ್ಕೆ ಮಾರಿದರೆ ಬಂದಷ್ಟು ಲಾಭ ಎಂಬುದು ಲೆಕ್ಕ. ಹಾಗಾಗಿ ಟಿಕೆಟ್ ನಡೆಯುವುದೇ ರಜೆಯ ಕಾಲದಲ್ಲಿ: ವಸಂತ, ಬೇಸಿಗೆ ಮತ್ತು ಚಳಿಗಾಲ. 1987ರ ಏಪ್ರಿಲ್‌ನಲ್ಲಿ ರೈಲ್ವೆಯನ್ನು ಒಡೆದು ಆರು ಪ್ರಯಾಣಿಕ ಕಂಪನಿ, ಒಂದು ಸರಕು ಕಂಪನಿ ಮಾಡಿ ಖಾಸಗೀಕರಿಸಿದರು. ಆರು ಪಾಲಾದ ಮೇಲೂ ದೇಶದ ಉದ್ದಗಲಕ್ಕೆ ಒಂದೇ ಟಿಕೆಟ್ ನಡೆಯಬೇಕೆಂದು ಅವರು ಇದನ್ನು ಉಳಿಸಿಕೊಂಡದ್ದು ಮೆಚ್ಚಬೇಕಾದ ಸಂಗತಿ. ನಮ್ಮಲ್ಲಿ ಅಣ್ಣತಮ್ಮ ಪಾಲಾದರೆ ಬಾವಿಯ ಹಗ್ಗಕ್ಕೂ ಜಗಳ.

ಮಗಳ ಲೆಕ್ಕ, ಅಪ್ಪನ ಲೆಕ್ಕ

ನಮ್ಮ ಮಗಳು ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಟೋಕಿಯೋದಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ. ಬೋಧನಾಶುಲ್ಕವಿಲ್ಲ, ತಿಂಗಳ ಖರ್ಚಿಗೆ ಒಂದಿಷ್ಟು ಹಣ ಕೊಡುತ್ತಾರೆ. ಅಲ್ಲಿ ವಿದೇಶೀ ವಿದ್ಯಾರ್ಥಿ ಅನುಮತಿ ಪಡೆದರೆ ಕಾಲೇಜು ನಡೆಯುವಾಗ ವಾರಕ್ಕೆ 28 ಗಂಟೆ ಮೀರದಂತೆ ಕೆಲಸವನ್ನೂ ಮಾಡಬಹುದು. ಒಟ್ಟಿನಲ್ಲಿ ಅವಳ ಬದುಕು ನಡೆಯುತ್ತದೆ. ಅಪ್ಪ ಅಮ್ಮನಿಗೆ ದೇಶ ತೋರಿಸುವಷ್ಟು ಮಿಗುವುದಿಲ್ಲ. 2024ರ ಆಗಸ್ಟ್ ಕೊನೆಗೆ ನಾವು ಅವಳಲ್ಲಿಗೆ ಹೋದಾಗ ಅವಳ ಹನ್ನೆರಡು ಅಡಿ ಕೋಣೆಯೇ ನಮ್ಮ ವಸತಿ, ಮೈಸೂರಿನಿಂದ ಹೊತ್ತೊಯ್ದ ಅವಲಕ್ಕಿ, ಚಟ್ನಿಪುಡಿ, ಹುಳಿಪುಡಿಯೇ ನಮ್ಮ ಆಸ್ತಿ.

"ಟೋಕಿಯೋ ಒಂದೇ ನೋಡಿ ಹೋಗೋದಾ? ಹಳ್ಳಿ ಕಡೆ ಹೋಗಬೇಕು" ಅಂತ ನಾನು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಳೆದ ನಮ್ಮವರು ಮೊದಲು ಕೇಳಿದ್ದು, "ಎಷ್ಟಾಗತ್ತೆ?" ವಿದೇಶಿ ಪ್ರವಾಸಿಗರು ಕೊಳ್ಳುವ ಜಪಾನ್ ರೈಲ್ ಪಾಸ್ ಆಗ ಏಳು ದಿನಕ್ಕೆ ಒಬ್ಬರಿಗೆ 50,000 ಯೆನ್ ಇತ್ತು. 2023ರ ಸೆಪ್ಟೆಂಬರ್ ತನಕ 29,650 ಇದ್ದದ್ದನ್ನು ಅಕ್ಟೋಬರ್‌ನಲ್ಲಿ ಒಮ್ಮೆಗೇ ಏರಿಸಿದ್ದರು. ಆಗ ಒಂದು ಯೆನ್‌ಗೆ ಸುಮಾರು 58 ಪೈಸೆ. ಇಬ್ಬರಿಗೆ 58 ಸಾವಿರ ರೂಪಾಯಿ! ಆ ಮಾತು ಅಲ್ಲಿಗೇ ನಿಂತಿತು.

ಮಗಳು ಸೇಶುನ್ ಟಿಕೆಟ್ಟಿನ ವಿಷಯ ತೆಗೆದಳು. ಆಗಿನ ಪದ್ಧತಿ ಹೀಗಿತ್ತು: 12,050 ಯೆನ್‌ಗೆ ಒಂದು ಕಾಗದದ ಟಿಕೆಟ್, ಅದರಲ್ಲಿ ಐದು ಮುದ್ರೆಗಳಿಗೆ ಜಾಗ. ಒಬ್ಬರು ಒಂದು ದಿನ ಪಯಣಿಸಿದರೆ ಒಂದು ಮುದ್ರೆ. ಒಬ್ಬರೇ ಐದು ದಿನ ಬಳಸಬಹುದು, ಐವರು ಒಟ್ಟಿಗೆ ಒಂದು ದಿನ ಬಳಸಬಹುದು. ದಿನಗಳು ಒಂದರ ಹಿಂದೊಂದು ಬರಬೇಕೆಂದೇನೂ ಇಲ್ಲ. ಎಂದರೆ ತಲೆಗೆ ದಿನಕ್ಕೆ 2,410 ಯೆನ್, ಸುಮಾರು 1,400 ರೂಪಾಯಿ. "ಇಬ್ಬರು, ಎರಡು ದಿನ, ನಾಲ್ಕು ಮುದ್ರೆ. ಐದನೆಯದು ನನಗೆ" ಎಂದು ಮಗಳು ತನ್ನ ದಳ್ಳಾಳಿಯನ್ನೂ ಸೇರಿಸಿಯೇ ಲೆಕ್ಕ ಒಪ್ಪಿಸಿದಳು. ಮುಗಿಯದ ಮುದ್ರೆಗಳನ್ನು ವಿದ್ಯಾರ್ಥಿಗಳು ಹಳೇ ಟಿಕೆಟ್ ಕೊಂಡು ಮಾರುವ ಅಂಗಡಿಗಳಿಗೆ ಆಗ ಮಾರಿಬಿಡುತ್ತಿದ್ದುದೂ ಉಂಟಂತೆ. ಅಂಥ ಅಂಗಡಿಗಳು ಟೋಕಿಯೋದ ದೊಡ್ಡ ನಿಲ್ದಾಣಗಳ ಸುತ್ತ ಇವೆ.

ದಾರಿಯನ್ನೂ ಅವಳೇ ಗೀಚಿಕೊಟ್ಟಳು. ಮೊದಲ ದಿನ ಟೋಕಿಯೋದ ಉಎನೊ ನಿಲ್ದಾಣದಿಂದ ಉತ್ತರಕ್ಕೆ ಐದು ರೈಲು ಬದಲಿಸಿ ಐಜು-ವಕಮಾತ್ಸು. ಎರಡನೆಯ ದಿನ ಬೆಟ್ಟದೊಳಗಿನ ತದಾಮಿ ಮಾರ್ಗವಾಗಿ ಪಶ್ಚಿಮಕ್ಕೆ ಕೊಯಿದೆ, ಅಲ್ಲಿಂದ ಸುತ್ತು ಹಾಕಿ ಸಂಜೆಗೆ ಮತ್ತೆ ಟೋಕಿಯೋ.

ಉಎನೊದಿಂದ ಉತ್ತರಕ್ಕೆ

ಹಳೆಯ ಟಿಕೆಟ್ ಸ್ವಯಂಚಾಲಿತ ಗೇಟಿನಲ್ಲಿ ತೂರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಸಿಬ್ಬಂದಿಗೆ ತೋರಿಸಬೇಕು. ಬೆಳಗಿನ ಏಳಕ್ಕೆ ಆತ ನಮ್ಮಿಬ್ಬರ ಮುಖ ನೋಡಿ, ಎರಡು ಬೆರಳೆತ್ತಿ ಖಾತ್ರಿ ಮಾಡಿಕೊಂಡು, ಟಪ್ ಟಪ್ ಎಂದು ಎರಡು ಮುದ್ರೆ ಒತ್ತಿ, ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಸಿದ. ಪ್ರಸಾದ ಕೊಟ್ಟಂತೆ ಇತ್ತು.

ಉಎನೊ ಬಗ್ಗೆ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಸಂಗತಿ ಇದೆ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನ್ ಮತ್ತೆ ತಲೆಯೆತ್ತುವ ಕಾಲದಲ್ಲಿ, 1954ರಿಂದ 1975ರವರೆಗೆ, ಉತ್ತರದ ಬಡ ಹಳ್ಳಿಗಳಿಂದ ಮಾಧ್ಯಮಿಕ ಶಾಲೆ ಮುಗಿಸಿದ ಹದಿನೈದರ ಹುಡುಗ ಹುಡುಗಿಯರನ್ನು ವಿಶೇಷ ರೈಲುಗಳಲ್ಲಿ ತುಂಬಿಸಿ ಇಲ್ಲಿಗೆ ತರುತ್ತಿದ್ದರು. ಕಾರ್ಖಾನೆಗಳೂ ಅಂಗಡಿಗಳೂ ಅವರಿಗಾಗಿ ಕಾದಿರುತ್ತಿದ್ದವು. 'ಚಿನ್ನದ ಮೊಟ್ಟೆಗಳು' ಎಂದು ಅವರಿಗೆ ಹೆಸರು. ಜಪಾನಿನ ಪ್ರಗತಿಯ ಕಥೆ ಹೇಳುವಾಗ ನಾವು ಕಾರು, ಕ್ಯಾಮೆರಾ, ಕಂಪನಿಗಳ ಹೆಸರು ಹೇಳುತ್ತೇವೆ. ಅಮ್ಮ ಕಟ್ಟಿಕೊಟ್ಟ ಗಂಟು ಹಿಡಿದು ಈ ಪ್ಲಾಟ್‌ಫಾರ್ಮಿನಲ್ಲಿ ಇಳಿದ ಆ ಮಕ್ಕಳನ್ನು ನೆನೆಯುವುದು ಕಡಿಮೆ. ಅವರು ಬಂದ ದಾರಿಯಲ್ಲೇ ನಾವು ಎದುರು ದಿಕ್ಕಿಗೆ ಹೊರಟಿದ್ದೆವು.

ಉತ್ಸುನೊಮಿಯಾ ತಲುಪಲು ನೂರು ನಿಮಿಷ. 1885ರಲ್ಲಿ ಈ ನಿಲ್ದಾಣದಲ್ಲಿ ಬಿದಿರಿನ ಸಿಪ್ಪೆಯಲ್ಲಿ ಸುತ್ತಿದ ಎರಡು ಅನ್ನದ ಉಂಡೆ ಮಾರಿದ್ದೇ ಜಪಾನಿನ ರೈಲ್ವೆ ಬುತ್ತಿಯ ಆರಂಭ ಎಂಬುದು ಅಲ್ಲಿನ ಪ್ರಸಿದ್ಧ ಹೇಳಿಕೆ. ಒಳಗೆ ಹುಳಿಯಾದ ಉಮೆಬೊಶಿ ಕಾಯಿ, ಪಕ್ಕದಲ್ಲಿ ಮೂಲಂಗಿ ಉಪ್ಪಿನಕಾಯಿ. ಈಗ ಪ್ರತಿ ಊರಿಗೂ ಒಂದೊಂದು ಬಗೆಯ ಬುತ್ತಿ ಇದೆ, ಹೆಸರು 'ಎಕಿಬೆನ್'. ನಮ್ಮಂಥ ಸಸ್ಯಾಹಾರಿಗಳಿಗೆ ಅದರ ಚೆಂದದ ಪೆಟ್ಟಿಗೆ ನೋಡುವ ಭಾಗ್ಯ ಮಾತ್ರ. ಅಲ್ಲಿನ ಸಾರಿಗೂ ಪಲ್ಯಕ್ಕೂ ಒಣಮೀನಿನ ರಸವೇ ಬುನಾದಿ. ಮೀನಿನ ತುಂಡು ಕಾಣದಿದ್ದರೂ ಮೀನು ಇರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ತಿನ್ನುವ ಸೋಬಾ ಶ್ಯಾವಿಗೆಯ ಬಿಸಿ ಸಾರೂ ಹಾಗೆಯೇ. ಉಮೆಬೊಶಿ ಇಟ್ಟ ಅನ್ನದುಂಡೆ, ಬಾಳೆಹಣ್ಣು, ಬ್ರೆಡ್ಡು, ನಮ್ಮ ಗೊಜ್ಜವಲಕ್ಕಿ: ಎರಡು ದಿನ ಇಷ್ಟರಲ್ಲೇ ಕಳೆದೆವು. ಉಂಡೆಯ ಪೊಟ್ಟಣದ ಹಿಂದಿನ ಅಕ್ಷರಗಳನ್ನು ಫೋನಿಗೆ ತೋರಿಸಿ ಓದಿಸಿಕೊಳ್ಳುವುದನ್ನು ಮಗಳು ಕಲಿಸಿದ್ದಳು.

ಆ ದಿನಗಳಲ್ಲಿ ಅಲ್ಲಿ ಅಕ್ಕಿಗೇ ಬರ ಬಂದಿತ್ತೆಂದರೆ ನಂಬುತ್ತೀರಾ? 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಟೋಕಿಯೋದ ಅಂಗಡಿಗಳ ಅಕ್ಕಿಯ ಕಪಾಟುಗಳು ಬರಿದಾಗಿದ್ದವು. ಮಗಳ ಓಣಿಯ ಅಂಗಡಿಯಲ್ಲಿ 'ಮನೆಗೊಂದೇ ಚೀಲ' ಎಂಬ ಚೀಟಿ ಅಂಟಿಸಿದ್ದರು. ಕಿಟಕಿಯ ಹೊರಗೆ ಮಾತ್ರ ಗದ್ದೆಯೋ ಗದ್ದೆ, ತೆನೆ ಬಾಗಿ ಹಳದಿಯಾಗುತ್ತಿದ್ದ ಗದ್ದೆ.

ಕುರೊಇಸೊ ಎಂಬ ಪುಟ್ಟ ನಿಲ್ದಾಣದಲ್ಲಿ ರೈಲು ಬದಲಿಸಬೇಕು. ಇದಕ್ಕೊಂದು ವಿಜ್ಞಾನದ ಕಾರಣವಿದೆ. ಟೋಕಿಯೋ ಕಡೆಯಿಂದ ಇಲ್ಲಿಯವರೆಗೆ ರೈಲಿನ ತಂತಿಯಲ್ಲಿ ಹರಿಯುವುದು 1,500 ವೋಲ್ಟಿನ ಏಕಮುಖ ವಿದ್ಯುತ್. ಉತ್ತರಕ್ಕೆ ಹೋದಂತೆ 20,000 ವೋಲ್ಟಿನ ಪರ್ಯಾಯ ವಿದ್ಯುತ್. ಎರಡನ್ನೂ ಅರಗಿಸಿಕೊಳ್ಳುವ ರೈಲು ಕಟ್ಟಲು ದುಡ್ಡು ಹೆಚ್ಚು, ಆದ್ದರಿಂದ ಲೋಕಲ್ ರೈಲು ಬಹುತೇಕ ಇಲ್ಲೇ ಕೊನೆ. ನಡುವಿನ ಗಡಿಯನ್ನು ದಾಟಿಸಲು ಎರಡೂ ವಿದ್ಯುತ್ತಿನ ಪುಟ್ಟ ರೈಲು, ಅರ್ಧ ಗಂಟೆಯೊಳಗೆ ಶಿನ್-ಶಿರಕಾವಾ, ಅಲ್ಲಿ ಮತ್ತೊಂದು. ಬದಲಿಸುವಾಗ ಸಹಪ್ರಯಾಣಿಕರು ಸುಮ್ಮನೆ ನಡೆಯುವುದಿಲ್ಲ. ಒಳ್ಳೆಯ ಸೀಟಿಗಾಗಿ ಶಿಸ್ತಿನಿಂದಲೇ ಓಡುತ್ತಾರೆ. ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ ಹಾಕಿದ ಹುಡುಗರ ಜೊತೆ ನಮ್ಮವರೂ ಓಡಿ ಎರಡು ಕಿಟಕಿ ಸೀಟು ಹಿಡಿದುಬಿಟ್ಟರು. ಟವೆಲ್ ಹಾಕುವ ಪದ್ಧತಿ ಮಾತ್ರ ಅಲ್ಲಿಲ್ಲ.

ಬುಲೆಟ್ ರೈಲಿನಲ್ಲಿ ಟೋಕಿಯೋದಿಂದ ಕೋರಿಯಾಮಾಕ್ಕೆ ಎಂಬತ್ತು ನಿಮಿಷ, ಒಬ್ಬರಿಗೆ ಸುಮಾರು 8 ಸಾವಿರ ಯೆನ್. ನಾವು ತೆಗೆದುಕೊಂಡದ್ದು ನಾಲ್ಕು ಗಂಟೆಗೂ ಹೆಚ್ಚು. ಇಷ್ಟು ಹೊತ್ತಿನಲ್ಲಿ ಬೆಂಗಳೂರಿನಿಂದ ಎಲ್ಲಿಗೆ ಹೋಗಬಹುದಿತ್ತು ಎಂದು ನಮ್ಮವರು ಲೆಕ್ಕ ಹಾಕುತ್ತಿದ್ದರು. ಆದರೆ ಒಂದು ಮಾತು: ಐದೂ ರೈಲುಗಳಲ್ಲಿ ಒಂದೂ ನಮ್ಮನ್ನು ಕಾಯಿಸಲಿಲ್ಲ. ವೇಳಾಪಟ್ಟಿಯಲ್ಲಿ ಬದಲಾವಣೆಗೆ ಏಳು ನಿಮಿಷ ಎಂದಿದ್ದರೆ ಏಳೇ ನಿಮಿಷ. ಜಪಾನಿನಲ್ಲಿ ತಿಂಗಳಿಗೊಮ್ಮೆ ಬರುವ ದಪ್ಪ ರೈಲ್ವೆ ವೇಳಾಪಟ್ಟಿ ಪುಸ್ತಕ 1925ರಿಂದ ಪ್ರಕಟವಾಗುತ್ತಿದೆ. ಫೋನಿನಲ್ಲಿ ಎಲ್ಲ ಸಿಗುವ ಈ ಕಾಲದಲ್ಲೂ ಪಕ್ಕದ ಸೀಟಿನ ಹುಡುಗ ಅದನ್ನೇ ತೊಡೆಯ ಮೇಲಿಟ್ಟು ಪೆನ್ಸಿಲ್ಲಿನಿಂದ ಗೀಟು ಹಾಕುತ್ತಿದ್ದ. ಹದಿನೈದೋ ಹದಿನಾರೋ ವಯಸ್ಸು. ಒಬ್ಬನೇ ಬಂದಿದ್ದ. ಅಷ್ಟು ಚಿಕ್ಕವನನ್ನು ಒಬ್ಬನೇ ಕಳಿಸಿದ ಅಮ್ಮನ ಧೈರ್ಯವನ್ನು ನಾನು ಬಹಳ ಹೊತ್ತು ಯೋಚಿಸಿದೆ.

ಸಾವಿರದ ನೋಟಿನ ಹುಡುಗ

ಕೋರಿಯಾಮಾದಿಂದ ಮಾರ್ಗ ಪಶ್ಚಿಮಕ್ಕೆ ತಿರುಗುತ್ತದೆ. ಬಲಗಡೆ ಬಂದೈ ಪರ್ವತ, 1888ರಲ್ಲಿ ಸ್ಫೋಟಿಸಿ ನಾನೂರಕ್ಕೂ ಹೆಚ್ಚು ಜನರನ್ನು ನುಂಗಿದ ಜ್ವಾಲಾಮುಖಿ. ಎಡಕ್ಕೆ ಇನಾವಶಿರೊ ಸರೋವರದ ಬಯಲು. ಈ ಬಯಲಿನ ಒಂದು ಬಡ ರೈತನ ಮನೆಯಲ್ಲಿ 1876ರಲ್ಲಿ ಹುಟ್ಟಿದವನು ಹಿದೆಯೊ ನೊಗುಚಿ. ಅಂಬೆಗಾಲಿಡುವ ವಯಸ್ಸಿನಲ್ಲಿ ನಡುಮನೆಯ ಒಲೆಯ ಗುಂಡಿಗೆ ಬಿದ್ದು ಎಡಗೈ ಸುಟ್ಟುಕೊಂಡ. ಬೆರಳುಗಳು ಅಂಟಿಹೋದವು. ಗದ್ದೆ ಕೆಲಸಕ್ಕೆ ಕೈ ಬಾರದು, ಓದಿನಿಂದಲೇ ಬದುಕಬೇಕು ಎಂದು ತಾಯಿ ಕೂಲಿ ಮಾಡಿ ಶಾಲೆಗೆ ಕಳಿಸಿದಳು. ಶಾಲೆಯಲ್ಲಿ ಅವನು ತನ್ನ ಕೈಯ ಸಂಕಟವನ್ನು ಪ್ರಬಂಧವಾಗಿ ಬರೆದು ಓದಿದಾಗ ಮೇಷ್ಟರೂ ಸಹಪಾಠಿಗಳೂ ದುಡ್ಡು ಕೂಡಿಸಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಬೆರಳು ಬಿಡಿಸಿಕೊಂಡ ಹುಡುಗ ಅದೇ ವೈದ್ಯರ ಬಳಿ ಕೆಲಸಕ್ಕೆ ನಿಂತು, ಮುಂದೆ ತಾನೇ ವೈದ್ಯನಾಗಿ, ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಜಗತ್ಪ್ರಸಿದ್ಧ ಸೂಕ್ಷ್ಮಜೀವಿ ವಿಜ್ಞಾನಿಯಾದ. ಹಳದಿ ಜ್ವರದ ಮೂಲ ಹುಡುಕುತ್ತಾ 1928ರಲ್ಲಿ ಆಫ್ರಿಕಾದ ಆಕ್ರಾದಲ್ಲಿ ಅದೇ ಜ್ವರಕ್ಕೆ ಬಲಿಯಾದ. ಹಳದಿ ಜ್ವರದ ಬಗ್ಗೆ ಅವನು ಹೇಳಿದ್ದು ಸರಿಯಲ್ಲವೆಂದು ನಂತರ ತಿಳಿಯಿತು. ಅದಕ್ಕಾಗಿ ಆ ದೇಶ ಅವನನ್ನು ಮರೆಯಲಿಲ್ಲ. 2004ರಿಂದ ಸಾವಿರ ಯೆನ್ ನೋಟಿನ ಮೇಲೆ ಅವನ ಮುಖ ಬಂತು.

2024ರ ಜುಲೈನಲ್ಲಿ ಹೊಸ ನೋಟು ಬಂದು ಆ ಜಾಗದಲ್ಲಿ ಮತ್ತೊಬ್ಬ ವಿಜ್ಞಾನಿ ಕಿತಾಸಾತೊ ಕುಳಿತರು. ನಾವು ಹೋದಾಗ ಎರಡೂ ನೋಟುಗಳು ಕೈಗೆ ಬರುತ್ತಿದ್ದವು. ಹಳ್ಳಿಯ ಕೆಲವು ತಂಪುಪಾನೀಯದ ಯಂತ್ರಗಳು ಹೊಸಬರನ್ನು ಗುರುತಿಸದೆ ಉಗುಳುತ್ತಿದ್ದವು, ನೊಗುಚಿಯನ್ನು ಮಾತ್ರ ನುಂಗುತ್ತಿದ್ದವು!

ಐಜು-ವಕಮಾತ್ಸುವಿನಲ್ಲಿ ಇಳಿದಾಗ ಮಧ್ಯಾಹ್ನ. ಊರಿನ ಕೋಟೆ ಎಲ್ಲರೂ ನೋಡುವಂಥದು. ಹಳೆಯ ಗೋಪುರವನ್ನು 1874ರಲ್ಲಿ ಕೆಡವಿದ್ದರು, ಈಗಿರುವುದು 1965ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ನನಗೆ ಹಿಡಿಸಿದ್ದು ಪೇಟೆಯ ನಡುವಿನ ಒಂದು ಹಳೆಯ ಕಟ್ಟಡ. ನೊಗುಚಿಯ ಕೈಗೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆ ಅದು. ಈಗ ಕೆಳಗೆ ಕಾಫಿ ಅಂಗಡಿ, ಮೇಲೆ ಅವನ ನೆನಪಿನ ಸಂಗ್ರಹ. ಅದರ ಹೆಸರು 'ಸೇಶುನ್‌ಕಾನ್', ಯೌವನದ ಮನೆ. ಟಿಕೆಟ್ಟಿನಲ್ಲಿದ್ದ ಅದೇ ಪದ.

ನಿಲ್ದಾಣದ ಬಳಿ ಸಣ್ಣ ಹೋಟೆಲಿನಲ್ಲಿ ಇಬ್ಬರಿಗೆ 8,400 ಯೆನ್ ಕೊಟ್ಟು ಮಲಗಿದೆವು. ಕೋಣೆಯಲ್ಲಿ ಎರಡು ಮಂಚ ಹಾಕಿದ ಮೇಲೆ ನಿಲ್ಲಲು ಒಬ್ಬರಿಗೇ ಜಾಗ. ಬಿಸಿನೀರು ಮಾತ್ರ ಧಾರಾಳ.

ನಲವತ್ತೊಂಬತ್ತು ಜನರ ರೈಲು

ಬೆಳಗಿನ ಆರರ ಸುಮಾರಿಗೆ ಎರಡು ಡಬ್ಬಿಯ ಡೀಸೆಲ್ ರೈಲು. ತದಾಮಿ ಮಾರ್ಗ 135 ಕಿಲೋಮೀಟರ್, ಕೊನೆ ಮುಟ್ಟಲು ನಾಲ್ಕೂವರೆ ಗಂಟೆ. ಇಡೀ ಮಾರ್ಗ ಸಾಗುವ ರೈಲು ದಿನಕ್ಕೆ ಮೂರೇ. ಇದು ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೆ.

ಹಳ್ಳಿಯ ಇಂಥ ರೈಲುಗಳಲ್ಲಿ ಗಾರ್ಡ್ ಇರುವುದಿಲ್ಲ, 'ವನ್‌ಮನ್' ಎನ್ನುತ್ತಾರೆ. ಹತ್ತುವಾಗ ಯಂತ್ರದಿಂದ ನಂಬರಿನ ಚೀಟಿ ಹರಿದುಕೊಳ್ಳಬೇಕು, ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ ಚೀಟಿ ಮತ್ತು ಹಣ ಹಾಕಬೇಕು. ನಮ್ಮಂಥವರು ಟಿಕೆಟ್ ತೋರಿಸಿದರೆ ಸಾಕು. ಚಾಲಕ ಬಿಳಿ ಕೈಗವಸು ತೊಟ್ಟು ಪ್ರತಿ ಸಿಗ್ನಲ್ಲಿಗೂ ಬೆರಳು ಚಾಚಿ ಗಟ್ಟಿಯಾಗಿ ಏನೋ ಹೇಳುತ್ತಾನೆ. ಮೊದಲು ಯಾರೊಂದಿಗೆ ಮಾತಾಡುತ್ತಿದ್ದಾನೆ ಎಂದು ಅತ್ತಿತ್ತ ನೋಡಿದೆವು. ಕಣ್ಣು ಕಂಡದ್ದನ್ನು ಕೈ ತೋರಿಸಿ ಬಾಯಿ ಹೇಳಿದರೆ ಮರೆವು ನುಸುಳುವುದಿಲ್ಲ ಎಂಬುದು ಅವರ ಪದ್ಧತಿ. ಪರೀಕ್ಷೆಗೆ ಹೋಗುವ ಮಕ್ಕಳು ಹಾಲ್ ಟಿಕೆಟ್, ಪೆನ್ನು, ಕೈಗಡಿಯಾರ ಎಂದು ಬೆರಳು ತೋರಿಸಿ ಹೇಳಿ ಹೊರಟರೆ ಮನೆಯವರಿಗೂ ನೆಮ್ಮದಿ!

ಮೊದಲ ಒಂದು ಗಂಟೆ ಬಯಲು, ಆಮೇಲೆ ಬೆಟ್ಟ. ತದಾಮಿ ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬೆಳಗಿನ ಮಂಜು ನೀರಿನ ಮೇಲೆ ಹತ್ತಿಯಂತೆ ಹಾಸಿತ್ತು. ಕಮಾನಿನ ಸೇತುವೆ ಬಂದಾಗ ಚಾಲಕ ತಾನೇ ವೇಗ ತಗ್ಗಿಸಿದ; ಫೋಟೋ ತೆಗೆಯುವವರಿಗೆ ಅನುಕೂಲವಾಗಲೆಂದು ಇರಬೇಕು. ನದಿಗೆ ಉದ್ದಕ್ಕೂ ವಿದ್ಯುತ್ ಅಣೆಕಟ್ಟುಗಳು. ಮೇಲಿನ ತಗೋಕುರಾ ಅಣೆಕಟ್ಟು ಕಟ್ಟಲು ಸಿಮೆಂಟು, ಕಬ್ಬಿಣ ಸಾಗಿಸಬೇಕಾಗಿ ಬಂದದ್ದರಿಂದ ಐಜು-ಕವಾಗುಚಿಯಿಂದ ಮುಂದಿನ ಹಳಿ ಹುಟ್ಟಿತು. ಅಣೆಕಟ್ಟು ಮುಗಿದ ಮೇಲೆ 1963ರಲ್ಲಿ ಅದೇ ಹಳಿ ಜನರ ರೈಲಾಯಿತು. ಬೆಟ್ಟ ಕೊರೆದು ಆರು ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿ ಇಡೀ ಮಾರ್ಗ ಕೂಡಿದ್ದು 1971ರಲ್ಲಿ. ಶರಾವತಿಯ ಬೆಳಕು ಬೆಂಗಳೂರಿಗೆ ಹೋದಂತೆ ಈ ಕಣಿವೆಯ ವಿದ್ಯುತ್ತು ಟೋಕಿಯೋಕ್ಕೆ ಹೋಯಿತು.

2011ರ ಜುಲೈನಲ್ಲಿ ಭಾರೀ ಮಳೆ ಬಂತು. ಮೂರು ಸೇತುವೆಗಳು ಕೊಚ್ಚಿಹೋದವು. ಐಜು-ಕವಾಗುಚಿಯಿಂದ ತದಾಮಿಯವರೆಗಿನ 27.6 ಕಿಲೋಮೀಟರ್ ಮುಚ್ಚಿತು. ರೈಲ್ವೆ ಕಂಪನಿ ಲೆಕ್ಕ ತೆಗೆಯಿತು: ಪ್ರಳಯಕ್ಕೆ ಮುಂಚೆ ಆ ಭಾಗದಲ್ಲಿ ದಿನಕ್ಕೆ ಸರಾಸರಿ 49 ಪ್ರಯಾಣಿಕರು. ನಲವತ್ತೊಂಬತ್ತು! ರೈಲು ಬೇಡ, ಬಸ್ಸು ಸಾಕು ಎಂದಿತು. ಊರವರು ಒಪ್ಪಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಹಳಿ, ಸೇತುವೆ, ಸುರಂಗಗಳು ಫುಕುಶಿಮಾ ಪ್ರಾಂತ್ಯ ಸರ್ಕಾರದ ಆಸ್ತಿ, ಅದರ ನಿರ್ವಹಣೆಯೂ ಅದರದೇ ಹೊಣೆ. ಅದರ ಮೇಲೆ ರೈಲು ಓಡಿಸುವುದು ಕಂಪನಿ. ಹನ್ನೊಂದು ವರ್ಷದ ನಂತರ, 2022ರ ಅಕ್ಟೋಬರ್ 1ರಂದು ರೈಲು ಮತ್ತೆ ಬಂತು.

ಇದನ್ನು ಓದಿ ಹೇಳಿದಾಗ ನಮ್ಮವರೊಳಗಿನ ಬ್ಯಾಂಕ್ ಮ್ಯಾನೇಜರ್ ಎದ್ದು ಕುಳಿತರು. "ನಲವತ್ತೊಂಬತ್ತು ಜನಕ್ಕೆ ಒಂದು ಬಸ್ಸು ಸಾಕಲ್ಲವೇನೇ? ಇಂಥ ಸಾಲ ನಾನಂತೂ ಮಂಜೂರು ಮಾಡ್ತಿರಲಿಲ್ಲ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆ ಹಣದಲ್ಲಿ ಆಸ್ಪತ್ರೆಯೋ ಶಾಲೆಯೋ ನಡೆಸಬಹುದಿತ್ತು ಎನ್ನುವವರು ಜಪಾನಿನಲ್ಲೂ ಇದ್ದಾರೆ. ನಾವು ಹೋದ ದಿನ ನಮ್ಮ ಡಬ್ಬಿಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ನಮ್ಮಂತೆ ಅಗ್ಗದ ಟಿಕೆಟ್ಟಿನವರು. ಅವರಿಂದ ಆ ಕಣಿವೆಗೆ ಬರುವ ಆದಾಯ ಎಷ್ಟು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಉಳಿದ ಅರ್ಧ ಯಾರು? ಸಮವಸ್ತ್ರದ ಹೈಸ್ಕೂಲು ಮಕ್ಕಳು, ಮತ್ತು ವಯಸ್ಸಾದವರು. ನಮ್ಮೆದುರು ಕುಳಿತ ಅಜ್ಜಿಗೆ ಎಂಬತ್ತರ ಮೇಲೆ. ನನ್ನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಇಂದೋ?" ಎಂದರು. ಹೌದೆಂದೆ. ಫೋನಿನ ಅನುವಾದದ ಸಹಾಯದಿಂದ ಮಾತು ಹರಿಯಿತು. ಇಲ್ಲಿ ಚಳಿಗಾಲದಲ್ಲಿ ಹಿಮ ಆಳೆತ್ತರ ಬೀಳುತ್ತದೆ. ತದಾಮಿಯಿಂದ ಪಶ್ಚಿಮದ ಪ್ರಾಂತ್ಯಕ್ಕೆ ಹೋಗುವ ಬೆಟ್ಟದ ರಸ್ತೆಯನ್ನು ಚಳಿಗಾಲ ಪೂರ್ತಿ ಮುಚ್ಚುತ್ತಾರೆ, ಆಗ ಆ ಕಡೆಗೆ ಇರುವುದು ರೈಲೊಂದೇ. "ಬಸ್ಸೂ ಒಳ್ಳೆಯದೇ ಇತ್ತು," ಎಂದರು ಅಜ್ಜಿ, "ಆದರೆ ರೈಲು ನಿಂತ ಊರಿಗೆ ಮೊಮ್ಮಕ್ಕಳು ಬರುವುದಿಲ್ಲ." ಯಂತ್ರ ಹೇಳಿದ ಅನುವಾದ ಎಷ್ಟು ಸರಿಯೋ ನಾನರಿಯೆ. ಇಳಿಯುವಾಗ ಒಂದು ಕಾಗದದ ಚೀಲದಿಂದ ನಾಲ್ಕು ಟೊಮೆಟೊ ತೆಗೆದು ನನ್ನ ಕೈಗಿತ್ತರು. ಹುಳಿಯೇ ಇಲ್ಲದ, ಹಣ್ಣಿನಂಥ ಟೊಮೆಟೊ. ನಾನು ಚಟ್ನಿಪುಡಿಯ ಪೊಟ್ಟಣ ಕೊಟ್ಟೆ. ಆ ಖಾರ ಅವರ ಮನೆಯಲ್ಲಿ ಏನು ಮಾಡಿತೋ!

ದಾರಿಯುದ್ದಕ್ಕೂ ಗದ್ದೆಯಲ್ಲಿದ್ದವರು, ಮನೆಯಂಗಳ ಗುಡಿಸುತ್ತಿದ್ದವರು ಕೆಲಸ ಬಿಟ್ಟು ರೈಲಿಗೆ ಕೈ ಬೀಸುತ್ತಿದ್ದರು. ಒಂದೆರಡು ಸಲವಾದ ಮೇಲೆ ನಮ್ಮವರೂ ಬೀಸತೊಡಗಿದರು. ಆಮೇಲೆ ಬಸ್ಸಿನ ಮಾತು ಅವರು ಎತ್ತಲಿಲ್ಲ, ಒಪ್ಪಿದರೆಂದೇನೂ ಅಲ್ಲ.

ಮಕ್ಕಳಿಗಾಗಿ ನಿಂತ ರೈಲು?

ಜಪಾನಿನ ಒಂದು ಕಥೆ ನಮ್ಮಲ್ಲೂ ಬಹಳ ಓಡಾಡಿತ್ತು: ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಒಬ್ಬಳೇ ಒಬ್ಬ ವಿದ್ಯಾರ್ಥಿನಿಗಾಗಿ ರೈಲ್ವೆಯವರು ನಿಲ್ದಾಣ ಮುಚ್ಚದೆ ಕಾದರು, ಅವಳ ಓದು ಮುಗಿದ ದಿನ ಮುಚ್ಚಿದರು ಎಂದು. ಕೇಳಲು ಸೊಗಸು. ನಡೆದದ್ದು ಸ್ವಲ್ಪ ಬೇರೆ. ಆ ಹುಡುಗಿ ಹತ್ತುತ್ತಿದ್ದ ನಿಲ್ದಾಣ ಕ್ಯೂ-ಶಿರತಾಕಿ. ಸುದ್ದಿಯಲ್ಲಿ ಪಕ್ಕದ ಮತ್ತೊಂದು ನಿಲ್ದಾಣದ ಹೆಸರು ಸೇರಿಕೊಂಡಿತು. 2016ರ ಮಾರ್ಚ್ 26ರಂದು ಆ ಮಾರ್ಗದ ಮೂರು ನಿಲ್ದಾಣಗಳು ಒಟ್ಟಿಗೆ ಮುಚ್ಚಿದವು. ಜಪಾನಿನ ರೈಲ್ವೆ ವೇಳಾಪಟ್ಟಿ ಬದಲಾಗುವುದು ಮಾರ್ಚ್‌ನಲ್ಲಿ, ಶಾಲಾ ವರ್ಷ ಮುಗಿಯುವುದೂ ಮಾರ್ಚ್‌ನಲ್ಲಿ. ಎರಡೂ ಕೂಡಿಬಂದವು. ಆದರೂ ಕಥೆಯಲ್ಲಿ ಒಂದು ನಿಜವಿದೆ. ಹಳ್ಳಿಯ ರೈಲುಗಳ ಕೊನೆಯ ಗಿರಾಕಿಗಳು ಶಾಲೆಯ ಮಕ್ಕಳೇ. ಅವರು ಕಾಲೇಜಿಗೆಂದು ಪಟ್ಟಣಕ್ಕೆ ಹೋದರೆ ರೈಲೂ ಹೋಗುತ್ತದೆ.

ಹೊಕ್ಕೈದೊದಲ್ಲಿ ಇದು ನಡೆಯುತ್ತಲೇ ಇದೆ. ಕೆನ್ ತಕಾಕುರಾ ಸ್ಟೇಷನ್ ಮಾಸ್ತರನಾಗಿ ನಟಿಸಿದ 1999ರ 'ಪೊಪ್ಪೊಯಾ' ಚಿತ್ರವನ್ನು ತೆಗೆದ ಇಕುತೊರಾ ನಿಲ್ದಾಣಕ್ಕೆ 2016ರ ಚಂಡಮಾರುತದ ನಂತರ ರೈಲು ಬರಲೇ ಇಲ್ಲ. ಆ ಮಾರ್ಗವನ್ನು 2024ರ ಮಾರ್ಚ್ ಕೊನೆಗೆ ಅಧಿಕೃತವಾಗಿ ಮುಚ್ಚಿದರು. ತದಾಮಿಗೆ ಸಿಕ್ಕ ಸರ್ಕಾರದ ಹೆಗಲು ಅದಕ್ಕೆ ಸಿಗಲಿಲ್ಲ.

ಸುರಂಗದ ಆಚೆ

ಹತ್ತೂಮುಕ್ಕಾಲರ ಹೊತ್ತಿಗೆ ಕೊಯಿದೆ. ಇದು ಉವೊನುಮಾ ಸೀಮೆ, ಜಪಾನಿನಲ್ಲಿ ಅತಿ ಹೆಸರಾದ ಕೊಶಿಹಿಕಾರಿ ಅಕ್ಕಿಯ ತವರು. ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಬರೀ ಉಪ್ಪು ಸವರಿದ ಅನ್ನದುಂಡೆ ಕೊಂಡು ತಿಂದೆವು. ಬಾಯಲ್ಲಿ ಸಿಹಿ ಉಳಿಯುವ ಅನ್ನ. ಮೊಸರೊಂದು ಇದ್ದಿದ್ದರೆ!

ಅಲ್ಲಿಂದ ದಕ್ಷಿಣಕ್ಕೆ ಬರುವಾಗ ಬೆಟ್ಟದಡಿಯಲ್ಲಿ ಶಿಮಿಜು ಸುರಂಗ. 1931ರಲ್ಲಿ ತೆರೆದ ಈ ಸುರಂಗದ ಉದ್ದ 9,702 ಮೀಟರ್. 1968ರಲ್ಲಿ ನೊಬೆಲ್ ಪಡೆದ ಯಸುನಾರಿ ಕವಾಬಾತಾ ಅವರ 'ಹಿಮದ ನಾಡು' ಕಾದಂಬರಿ ಆರಂಭವಾಗುವುದು ಇದೇ ಸುರಂಗದಿಂದ. ಆದರೆ ಕಾದಂಬರಿಯ ನಾಯಕನಂತೆ ಟೋಕಿಯೋದಿಂದ ಹಿಮದ ಕಡೆಗೆ ಹೋಗುವವರಿಗೆ ಈಗ ಆ ಸುರಂಗ ಸಿಗುವುದಿಲ್ಲ. 1967ರಲ್ಲಿ ಇನ್ನೂ ಉದ್ದದ ಎರಡನೆಯ ಸುರಂಗ ಕೊರೆದ ಮೇಲೆ ಹಳೆಯದು ಟೋಕಿಯೋ ದಿಕ್ಕಿಗೆ ಬರುವ ರೈಲುಗಳಿಗೆ ಮಾತ್ರ. ಹಿಂದಿರುಗುತ್ತಿದ್ದ ನಮಗೆ ಆ ಭಾಗ್ಯ ತಾನಾಗಿ ಬಂತು. ಇಳಿಜಾರಿನಲ್ಲಿ ರೈಲು ಬೆಟ್ಟದೊಳಗೆ ಪೂರ್ತಿ ಒಂದು ಸುತ್ತು ಹಾಕಿ ಕೆಳಗಿಳಿಯುತ್ತದೆ. ಒಂದು ಕಡೆ ನಾವು ಇನ್ನು ಸೇರಬೇಕಾದ ನಿಲ್ದಾಣ ಕಾಲ ಕೆಳಗೆ ಕಾಣಿಸುತ್ತದೆ. ಇದೇ ದಾರಿಯಲ್ಲಿ ದೊಐ ಎಂಬ ನಿಲ್ದಾಣವಿದೆ. ಅದರ ಒಂದು ಪ್ಲಾಟ್‌ಫಾರ್ಮ್ ನೆಲದ ಮೇಲೆ, ಮತ್ತೊಂದು ಹೊಸ ಸುರಂಗದೊಳಗೆ. ಅಲ್ಲಿಂದ ಮೇಲೆ ಬರಲು 462 ಮೆಟ್ಟಿಲು, ಲಿಫ್ಟ್ ಇಲ್ಲ. ನಮ್ಮ ರೈಲು ನೆಲದ ಮೇಲಿನದಕ್ಕೆ ಬಂದದ್ದು ಮಂಡಿಗಳ ಪುಣ್ಯ.

ಮಿನಕಾಮಿ, ತಕಾಸಾಕಿಗಳಲ್ಲಿ ಬದಲಿಸಿ ಸಂಜೆಗೆ ಉಎನೊ ಸೇರಿದೆವು. ತಕಾಸಾಕಿಯಿಂದಾಚೆಗೆ ಕಚೇರಿಯವರ ನೂಕುನುಗ್ಗಲು. ಹೇಳುವಂಥದ್ದೇನಿಲ್ಲ.

ನಮ್ಮವರ ಪುಟ್ಟ ಪುಸ್ತಕದಲ್ಲಿ ಬರೆದ ಲೆಕ್ಕ ಹೀಗಿದೆ. ನಾಲ್ಕು ಮುದ್ರೆಗೆ 9,640 ಯೆನ್, ಹೋಟೆಲಿಗೆ 8,400, ಊಟ ತಿಂಡಿಗೆ 4,350, ಸಾಮಾನಿನ ಲಾಕರಿಗೆ 600. ಒಟ್ಟು 22,990 ಯೆನ್, ನಮ್ಮ ಹಣದಲ್ಲಿ ಸುಮಾರು 13,300 ರೂಪಾಯಿ, ಇಬ್ಬರಿಗೆ ಎರಡು ದಿನಕ್ಕೆ. ಟೊಮೆಟೊ ಲೆಕ್ಕಕ್ಕೆ ಸೇರಿಲ್ಲ.

ಈಗ ಹೋಗುವವರು ಗಮನಿಸಬೇಕಾದ ಮಾತೊಂದಿದೆ. ನಾವು ಬಳಸಿದ ಹಂಚಿಕೊಳ್ಳುವ ಟಿಕೆಟ್ಟಿಗೆ 2024ರ ಬೇಸಿಗೆಯೇ ಕೊನೆ. ಆ ವರ್ಷದ ಚಳಿಗಾಲದಿಂದ ನಿಯಮ ಬದಲಾಯಿತು. ಐದು ದಿನಕ್ಕೆ ಅದೇ 12,050 ಯೆನ್. ಮೂರು ದಿನದ ಹೊಸ ಟಿಕೆಟ್ 10,000 ಯೆನ್‌ಗೆ ಬಂತು. ಆದರೆ ದಿನಗಳು ಎಡೆಬಿಡದೆ ಸಾಲಾಗಿರಬೇಕು, ಒಂದು ಟಿಕೆಟ್ ಒಬ್ಬರಿಗೇ. ಸ್ವಯಂಚಾಲಿತ ಗೇಟಿನಲ್ಲಿ ತೂರಿಸಬಹುದು ಎಂಬುದೊಂದು ಅನುಕೂಲ, ಸಿಬ್ಬಂದಿ ಇಲ್ಲದ ನಿಲ್ದಾಣಗಳು ಹೆಚ್ಚುತ್ತಿರುವ ಕಾಲದಲ್ಲಿ ಅದು ಸಣ್ಣದಲ್ಲ. ಒಬ್ಬನೇ ಐದು ದಿನ ಅಲೆಯುವ ಹುಡುಗನಿಗೆ ನಷ್ಟವಿಲ್ಲ. ಅಪ್ಪ ಅಮ್ಮ ಮಗು ಒಂದು ಭಾನುವಾರ ಒಂದೇ ಟಿಕೆಟ್ಟಿನಲ್ಲಿ ಸಮುದ್ರ ನೋಡಿಬರುವುದು ಮಾತ್ರ ಇನ್ನಾಗದು. ಜಪಾನಿನಲ್ಲಿ ಇದಕ್ಕೆ ಸಾಕಷ್ಟು ಗೊಣಗಾಟ ನಡೆಯಿತು. ನನಗೂ ಇದು ಸರಿಕಾಣಲಿಲ್ಲ.

ಐದನೆಯ ಮುದ್ರೆಯನ್ನು ಮಗಳು ಸೆಪ್ಟೆಂಬರ್ 10ರಂದು, ಟಿಕೆಟ್ಟಿನ ಅವಧಿ ಮುಗಿಯುವ ದಿನ, ಒತ್ತಿಸಿಕೊಂಡಳು. ಬೆಳಗ್ಗೆ ಐದಕ್ಕೇ ಹೊರಟು ಮತ್ಸುಮೊತೊದಲ್ಲಿ ಗೆಳತಿಯ ಮನೆಯಲ್ಲಿ ಊಟ ಮಾಡಿ ಅಂದೇ ರಾತ್ರಿ ಹಿಂದಿರುಗಿದಳು. ಆ ದಿನ ಅವಳ ಕೋಣೆಯಲ್ಲಿ ನಾವಿಬ್ಬರೇ. ನಮ್ಮವರು ವೇಳಾಪಟ್ಟಿ ಹಿಡಿದು ಅವಳು ಈಗ ಎಲ್ಲಿ ರೈಲು ಬದಲಿಸುತ್ತಿರಬಹುದು ಎಂದು ಗಂಟೆಗೊಮ್ಮೆ ನನಗೆ ವರದಿ ಒಪ್ಪಿಸುತ್ತಿದ್ದರು.